ಮಾಮಾ ಜೋಸೆಫೀನ್ ‘ನೋ’ ಅಂದ ವರ್ಷ

ಹೋದ ವಾರ ಸ್ಟ್ರಾಟ್‌ಫರ್ಡ್‌ನ ಹೊಸ ಟವರ್ ಬ್ಲಾಕೊಂದಕ್ಕೆ ನಮ್ಮ ಕುಂದಾಪುರದ ಕಡೆಯ ಹುಡುಗಿಯೊಬ್ಬಳ ಮಗುವನ್ನು ನೋಡಿ ಬರಲು ಹೋಗಿದ್ದೆ. ಲಿಫ್ಟಿನೊಳಗೆ ಕಾಲಿಟ್ಟರೆ ಜೋಳದ ಹುಳಿಹಿಟ್ಟಿನ ವಾಸನೆ. ಯಾರೋ ಸ್ವಲ್ಪ ಮೊದಲು ಪಾತ್ರೆ ಹಿಡಿದುಕೊಂಡು ಹೋಗಿರಬೇಕು. ಪಾತ್ರೆಯೂ ಇಲ್ಲ, ಮನುಷ್ಯರೂ ಇಲ್ಲ, ವಾಸನೆ ಮಾತ್ರ ನಿಂತಿತ್ತು. ಉದ್ದಿಲ್ಲದೆ, ಅಕ್ಕಿಯಿಲ್ಲದೆ, ಬರೀ ಜೋಳ ಎರಡು ದಿನ ಹುಳಿ ಬಂದರೆ ಬರುವ ವಾಸನೆ. ನಾನು ಬಟನ್ ಒತ್ತುವುದನ್ನೇ ಮರೆತು ನಿಂತೆ. ಹಿಂದಿನಿಂದ ಹತ್ತಿದವನು “ವಿಚ್ ಫ್ಲೋರ್, ಲವ್?” ಎಂದು ಕೇಳಿದಾಗ “ಫೈವ್” ಅಂದುಬಿಟ್ಟೆ. ಆ ಬಿಲ್ಡಿಂಗಿನ ಐದನೆಯ ಮಹಡಿಯಲ್ಲಿ ನನಗೆ ಯಾರೂ ಇಲ್ಲ. ನನಗೆ ಗೊತ್ತಿದ್ದ ಐದನೆಯ ಮಹಡಿ ಅದೇ ರಸ್ತೆಯ ಇನ್ನೊಂದು ತುದಿಯ ಹಳೆಯ ಕೌನ್ಸಿಲ್ ಬ್ಲಾಕಿನದು. ಆ ಬ್ಲಾಕನ್ನು ಈಗ ಕೆಡವಿದ್ದಾರೆ. ಅಲ್ಲಿದ್ದ ಮಾಮಾ ಜೋಸೆಫೀನ್ (ಅವರ ಕಡೆ ‘ಮಾಮಾ’ ಎಂದರೆ ಅಮ್ಮ) ಮ್ಯಾಂಚೆಸ್ಟರಿನಲ್ಲಿರುವ ಮಗನ ಮನೆಗೆ ಹೋಗಿದ್ದಾರೆ. ಆದರೆ ನಾಲ್ಕು ವರ್ಷಗಳ ಹಿಂದಿನ ಒಂದು ವರ್ಷ, ಅಕ್ಟೋಬರಿನಿಂದ ಮುಂದಿನ ಚಳಿಗಾಲದವರೆಗೆ, ಪ್ರತಿ ಗುರುವಾರ ನಾನು ಅಲ್ಲಿಗೆ ಹೋಗುತ್ತಿದ್ದೆ.

ಆ ವರ್ಷ ನನ್ನ ಮೊಮ್ಮಗಳು ಮೇಧಾ ಹ್ಯಾರೋದಲ್ಲಿ ನನ್ನ ಜೊತೆಗಿದ್ದಳು. ಮಗ ಸೊಸೆ ಇರುವುದು ಲೀಡ್ಸ್‌ನಲ್ಲಿ. ಇವಳು ಮಧ್ಯ ಲಂಡನ್ನಿನ ಒಂದು ಕಾಲೇಜಿನಲ್ಲಿ ಭಾಷಾಶಾಸ್ತ್ರದ ಪಿಎಚ್‌ಡಿ ಮಾಡುತ್ತಿದ್ದಳು, ಕೊನೆಯ ವರ್ಷ. “ಅಜ್ಜಿ, ಐ ನೀಡ್ ಎ ಕ್ವಯಟ್ ರೂಮ್” ಎಂದು ಎರಡು ಸೂಟ್‌ಕೇಸ್ ಪುಸ್ತಕ, ಒಂದು ಚೀಲ ಬಟ್ಟೆ ತಂದಿಳಿದಳು. ನನ್ನ ಸೆಮಿ-ಡಿಟ್ಯಾಚ್ಡ್ ಮನೆಯಲ್ಲಿ ಯಜಮಾನರು ಹೋದ ಮೇಲೆ ನಿಶ್ಶಬ್ದಕ್ಕೇನೂ ಬರವಿರಲಿಲ್ಲ. ಹುಡುಗಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ. ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಸಿಟ್ಟು ಬಂದರೆ, ಹಸಿವಾದರೆ ಕನ್ನಡ.

ಅವಳ ವಿಷಯ ಏನೆಂದು ನೆಂಟರು ಕೇಳಿದಾಗಲೆಲ್ಲ ನಾನು “ಆಫ್ರಿಕನ್ ಲ್ಯಾಂಗ್ವೇಜಸ್” ಎಂದು ಹೇಳಿ ಮಾತು ತಪ್ಪಿಸುತ್ತಿದ್ದೆ. ನನಗೂ ನಾಚಿಕೆಯೇ. ಮದುವೆಗೆ ಮೊದಲು ಉಡುಪಿಯಲ್ಲಿ ಎಂಟು ವರ್ಷ ಇಂಗ್ಲಿಷ್ ಗ್ರಾಮರ್ ಕಲಿಸಿದವಳು ನಾನು. ಇಲ್ಲಿಗೆ ಬಂದ ಮೇಲೆ ಯಜಮಾನರ ರೆಸ್ಟೋರೆಂಟಿನ ಮೆನು ಕಾರ್ಡಿನಲ್ಲಿ ಸ್ಪೆಲ್ಲಿಂಗ್ ತಿದ್ದಿದ್ದಷ್ಟೇ ನನ್ನ ವ್ಯಾಕರಣ. ಒಂದು ಸಂಜೆ ಧೈರ್ಯ ಮಾಡಿ ಕೇಳಿಯೇಬಿಟ್ಟೆ.

“ಮೇಧಾ, ನೀನು ದಿನಾ ಹೇಳುವ ಈ ಎರ್ಗೆಟಿವ್ ಅಂದ್ರೆ ಎಂತದು? ನನಗೆ ಅರ್ಥ ಆಗುವ ಹಾಗೆ ಹೇಳು ನೋಡುವ.”

ಅವಳು ಊಟದ ಮೇಜಿನ ಕುರ್ಚಿಗಳನ್ನು ಎಳೆದಳು. “ಓಕೆ. ಮಗು ಮಲಗಿತು. ಮಗು ಹಾಲು ಕುಡಿಯಿತು. ಎರಡರಲ್ಲೂ ಮಗು ಫಸ್ಟ್ ಚೇರ್‌ನಲ್ಲಿ, ರೈಟ್?”

“ಹೌದು.”

“ಮಾಮಾ ಜೋಸೆಫೀನ್ ಭಾಷೆಯಲ್ಲಿ ಮಲಗಿದ ಮಗು ಫಸ್ಟ್ ಚೇರ್. ಬಟ್ ಕುಡಿಯೋದಾದ್ರೆ, ಹಾಲು ಬಂದು ಫಸ್ಟ್ ಚೇರ್‌ನಲ್ಲಿ ಕೂರುತ್ತೆ. ಮಗು ವರ್ಬ್ ಆದಮೇಲೆ, ಹಿಂದೆ. ಅದರ ಮುಂದೆ ಒಂದು ಪುಟ್ಟ ವರ್ಡ್, ಲೈಕ್ ಎ ಬ್ಯಾಡ್ಜ್. ‘ಕೆಲಸ ಮಾಡಿದವರು ಇವರು’ ಅಂತ.”

ನನಗೆ ತಟ್ಟನೆ ಹೈಸ್ಕೂಲಿನ ಹಿಂದಿ ಪೀರಿಯಡ್ ನೆನಪಾಯಿತು. ಸೀತಾ ಬಂದರೆ ಬರೀ ಸೀತಾ. ಅದೇ ಸೀತಾ ರೊಟ್ಟಿ ತಿಂದಳೆಂದರೆ ‘ಸೀತಾ ನೇ’. ಏಕೆಂದು ಯಾವ ಟೀಚರೂ ಹೇಳಿರಲಿಲ್ಲ. “ಅದೇ ಅಲ್ವಾ ಇದು?” ಎಂದೆ. ಮೇಧಾ ನನ್ನನ್ನು ತಬ್ಬಿಕೊಂಡು, “ಎಕ್ಸಾಕ್ಟ್ಲಿ! ಎಕ್ಸಾಕ್ಟ್ಲಿ, ಅಜ್ಜಿ!” ಎಂದು ಕುಣಿದಳು. “ಗೊತ್ತಿಲ್ದೆ ಏನು ಮಾರಾಯ್ತಿ, ಈ ‘ನೇ’ ಬಿಟ್ಟದ್ದಕ್ಕೆ ಎರಡು ಪೆಟ್ಟು ತಿಂದಿದ್ದೇನೆ” ಎಂದೆ. ಎಪ್ಪತ್ತು ದಾಟಿದ ಮೇಲೆ ಒಂದು ಪರೀಕ್ಷೆ ಪಾಸಾದ ಹಾಗಾಯಿತು.

ಅವಳ ಪ್ರಶ್ನೆ ಇದ್ದದ್ದು ಇದು ಎಲ್ಲಿಂದ ಬಂತು ಎಂಬುದರಲ್ಲಿ. ಆಫ್ರಿಕಾದಲ್ಲಿ ಸಾವಿರಾರು ಭಾಷೆಗಳಿದ್ದರೂ ಈ ಪದ್ಧತಿ ಇರುವುದು ಬೆರಳೆಣಿಕೆಯಷ್ಟರಲ್ಲಿ ಮಾತ್ರವಂತೆ. ನೈಲ್ ನದಿಯ ಆಸುಪಾಸಿನ ಕೆಲವು ಅದರಲ್ಲಿ ಸೇರಿವೆ. ಹಿಂದೊಂದು ಕಾಲದಲ್ಲಿ ಅದು ಕರ್ಮಣಿ ಪ್ರಯೋಗವಾಗಿತ್ತು, ‘ಹಾಲು ಕುಡಿಯಲ್ಪಟ್ಟಿತು, ಮಗುವಿನಿಂದ’ ಎಂಬಂತೆ, ದಿನಾ ಹೇಳಿ ಹೇಳಿ ಆ ‘ಅಲ್ಪಟ್ಟಿತು’ ಸವೆದುಹೋಯಿತು ಎನ್ನುವುದು ಒಂದು ಊಹೆ. ಕರ್ತೃವನ್ನು ಬೆರಳಿಟ್ಟು ತೋರಿಸುತ್ತಿದ್ದ ಪದವೊಂದು, ‘ಇದೇ ಮಗು’ ಎಂದಂತೆ, ಕ್ರಮೇಣ ಅಂಟಿಕೊಂಡಿತು ಎನ್ನುವುದು ಇನ್ನೊಂದು. ಶಾಸನ, ತಾಳೆಗರಿ ಏನೂ ಇಲ್ಲದ ಭಾಷೆ. ಹಳೆಯದೇನಾದರೂ ಉಳಿದಿದ್ದರೆ ಇವತ್ತಿನವರ ಮಾತಿನಲ್ಲೇ ಉಳಿದಿರಬೇಕು. ಮೇಧಾ ಹುಡುಕುತ್ತಿದ್ದದ್ದು ನಡುವಿನ ವಾಕ್ಯವನ್ನು: ಅರ್ಧ ಹಳೆಯ ಕರ್ಮಣಿ, ಅರ್ಧ ಹೊಸ ಪದ್ಧತಿ. ಅದು ಸಿಕ್ಕಿದರೆ ಮೊದಲನೆಯ ಊಹೆಗೆ ಪುರಾವೆ ಸಿಕ್ಕಿದಂತೆ. “ದ ಮಿಸ್ಸಿಂಗ್ ಲಿಂಕ್, ಅಜ್ಜಿ” ಅನ್ನುತ್ತಿದ್ದಳು.

ಆ ವಾಕ್ಯ ಹೇಳಬೇಕಾದವರು ಮಾಮಾ ಜೋಸೆಫೀನ್. ಹೊರಗಿನವರು ಶಿಲ್ಲುಕ್ ಎಂದು ಕರೆಯುವ, ತಮ್ಮನ್ನು ತಾವು ಚೊಲ್ಲೊ ಎಂದುಕೊಳ್ಳುವ ದಕ್ಷಿಣ ಸುಡಾನಿನ ಜನ ಅವರದು. ನನಗಿಂತ ಎರಡು ವರ್ಷ ಚಿಕ್ಕವರು. ಎತ್ತರದ ಆಳು, ಹಣೆಯ ಮೇಲೆ ಮಣಿ ಪೋಣಿಸಿದಂತೆ ಉಬ್ಬಿದ ಚುಕ್ಕೆಗಳ ಸಾಲು. ಮೇಧಾ ಮೊದಲ ಸಲ ಒಬ್ಬಳೇ ಹೋದಾಗ ಅವರು ಚಹಾ ಕೊಟ್ಟು, “ನಿನ್ನ ಮನೆಯ ಹಿರಿಯರೆಲ್ಲಿ? ನನ್ನ ಮಾತು ಕೇಳಲು ಹುಡುಗಿಯನ್ನು ಒಬ್ಬಳೇ ಕಳಿಸಿದ್ದಾರಾ?” ಎಂದು ಕೇಳಿದರಂತೆ. ಹಾಗಾಗಿ ಮುಂದಿನ ಗುರುವಾರದಿಂದ ನಾನೂ ಹೊರಟೆ. ಹ್ಯಾರೋದಿಂದ ಮೆಟ್ರೊಪಾಲಿಟನ್ ಲೈನ್, ಫಿಂಚ್ಲಿ ರೋಡಿನಲ್ಲಿ ಬದಲಾಯಿಸಿ ಜೂಬಿಲಿ, ಕೊನೆಯ ಸ್ಟಾಪ್ ಸ್ಟ್ರಾಟ್‌ಫರ್ಡ್. ಮಾಮಾ ನನ್ನನ್ನು ‘ಹಬೂಬಾ’ ಎಂದು ಕರೆದರು. ಅವರ ಕಡೆಯ ಅರಬ್ಬಿಯಲ್ಲಿ ಹಾಗೆಂದರೆ ಅಜ್ಜಿ. “ಎರಡೇ ವರ್ಷ ದೊಡ್ಡವಳು ನಾನು” ಎಂದು ನಾನು ತಕರಾರು ತೆಗೆದರೆ, “ಎರಡು ವರ್ಷವೂ ವರ್ಷವೇ, ಹಬೂಬಾ” ಎಂದರು. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ. ಬರೆಯುವಾಗ ನನ್ನ ಕೈಗೆ ಕನ್ನಡವಾಗಿ ಬರುತ್ತಿದೆ.

ಕೆಲಸ ನಡೆಯುತ್ತಿದ್ದದ್ದು ಹೀಗೆ: ಮೇಧಾ ಮೇಜಿನ ಮೇಲೆ ರೆಕಾರ್ಡರ್ ಇಡುವಳು. ತಾನೇ ಕಟ್ಟಿಕೊಂಡು ಬಂದ ವಾಕ್ಯವೊಂದನ್ನು ಆ ಭಾಷೆಯಲ್ಲಿ ನಿಧಾನವಾಗಿ ಓದಿ, “ಮಾಮಾ, ಹೀಗೆ ಹೇಳಬಹುದಾ?” ಎಂದು ಕೇಳುವಳು.

“ಯೆಸ್.”

“ಕೇಳಲು ಸರಿ ಅನ್ನಿಸುತ್ತಾ?”

“ಯೆಸ್, ವೆರಿ ಗುಡ್.”

ಮೇಧಾ ಮುದ್ದಾದ ಅಕ್ಷರದಲ್ಲಿ ಬರೆದುಕೊಂಡು ಪಕ್ಕದಲ್ಲಿ ಒಂದು ಟಿಕ್ ಹಾಕುವಳು. ಹೊರಗೆ ನಾಲ್ಕಕ್ಕೇ ಕತ್ತಲು, ಜಿನುಗು ಮಳೆ, ರೇಡಿಯೇಟರಿನ ಮೇಲೆ ನನ್ನ ಒದ್ದೆ ಸಾಕ್ಸ್. ನಾನು ಸೋಫಾದಲ್ಲಿ ಕೂತು ಹೆಣಿಗೆ ಹಾಕುತ್ತಾ ಕೇಳುತ್ತಿದ್ದೆ. ಬೇರೆಯವರ ಮಕ್ಕಳು ಓದಿ ಮುಂದೆ ಬಂದ ಕಥೆ ಎಷ್ಟು ಕೇಳಿಲ್ಲ. ನನ್ನ ಮೊಮ್ಮಗಳು ಇನ್ನೊಂದು ಜನರ ಭಾಷೆಯ ಮೂಲ ಹುಡುಕುತ್ತಿದ್ದಾಳೆಂಬ ಹೆಮ್ಮೆಗೆ ನನ್ನ ಹೆಣಿಗೆಯ ಕಣ್ಣುಗಳೇ ತಪ್ಪಿಹೋಗುತ್ತಿದ್ದವು.

ಡಿಸೆಂಬರಿನ ಒಂದು ಗುರುವಾರ ನನಗೆ ಆ ‘ಯೆಸ್’ ಬೇರೆ ಥರ ಕೇಳಿಸಿತು. ಮಾಮಾ ಬೆನ್ನು ನೆಟ್ಟಗೆ ಮಾಡಿ, ಎರಡೂ ಕೈ ಮಡಿಲಲ್ಲಿ ಜೋಡಿಸಿ, ಗಲ್ಲ ಸ್ವಲ್ಪ ತಗ್ಗಿಸಿ, ಕೊನೆಗೆ ಸ್ವರ ಏರಿಸಿ ‘ಯೆಸ್’ ಅನ್ನುತ್ತಿದ್ದರು. ಆ ಭಂಗಿ ನನಗೆ ಗೊತ್ತು. ಮಂಗಳೂರಿನ ಕಾನ್ವೆಂಟಿನಲ್ಲಿ ಹತ್ತು ವರ್ಷ ನಾನು ಕೂತದ್ದೇ ಹಾಗೆ.

ನಮ್ಮ ಸಿಸ್ಟರ್ ಕ್ಲಾರಾ ಯುರೋಪಿನಿಂದ ಬಂದವರು, ಬಹಳ ಪ್ರೀತಿಯಿಂದ ಕನ್ನಡ ಕಲಿತವರು. ಪೇರೆಂಟ್ಸ್ ಮೀಟಿಂಗಿನ ಹಿಂದಿನ ದಿನ ಅಸೆಂಬ್ಲಿಯಲ್ಲಿ ನಿಂತು, “ಹುಡುಗಿಯರೇ, ನಾಳೆ ಎಲ್ಲರೂ ನಿಮ್ಮ ತಂದೆಯನ್ನು ತಿಂದು ಬನ್ನಿ” ಎಂದು ಹೇಳುತ್ತಿದ್ದರು. ಮುನ್ನೂರು ಹುಡುಗಿಯರು ಒಂದೇ ಸ್ವರದಲ್ಲಿ “ಯೆಸ್, ಸಿಸ್ಟರ್” ಅನ್ನುತ್ತಿದ್ದೆವು. ಯಾರೂ ತಿದ್ದಲಿಲ್ಲ. ದೂರದಿಂದ ಬಂದವರು, ನಮ್ಮ ಭಾಷೆಯಲ್ಲಿ ನಾಲ್ಕು ಮಾತಾಡಲು ಅಷ್ಟು ಕಷ್ಟಪಡುವವರು. ಅವರ ಮುಖ ಚಿಕ್ಕದು ಮಾಡುವುದುಂಟೇ? ಹತ್ತು ವರ್ಷ ನಾವು ಅಪ್ಪಂದಿರನ್ನು ತಿಂದೇ ಶಾಲೆಗೆ ಹೋದೆವು.

ಮಾಮಾ ಕೂಡ ನೈಲ್ ದಂಡೆಯ ಮಿಷನ್ ಶಾಲೆಯಲ್ಲಿ ಇಟಲಿಯ ಸಿಸ್ಟರುಗಳ ಕೈಕೆಳಗೆ ಕಲಿತವರು ಎಂದು ಮೊದಲ ದಿನವೇ ಹೇಳಿದ್ದರು. ಅವರು ಮೇಧಾಗೆ ಕೊಡುತ್ತಿದ್ದದ್ದು ಅದೇ ‘ಯೆಸ್, ಸಿಸ್ಟರ್’. ನನಗದು ಆ ಸಂಜೆಯೇ ಗೊತ್ತಾಯಿತು. ಗೊತ್ತಾಗಿ ಏನು ಮಾಡಿದೆ? ಸುಮ್ಮನಿದ್ದೆ. ಏಕೆಂದರೆ ಅದೇ ಸಂಜೆ ಮೇಧಾ ಹುಡುಕುತ್ತಿದ್ದ ನಡುವಿನ ವಾಕ್ಯವನ್ನು ಓದಿದ್ದಳು, ಮಾಮಾ “ವೆರಿ ಗುಡ್” ಎಂದಿದ್ದರು, ಹುಡುಗಿ ಬಾಲ್ಕನಿಗೆ ಓಡಿ ಮಳೆಯಲ್ಲೇ ಅಮ್ಮನಿಗೆ ಫೋನ್ ಮಾಡಿದ್ದಳು. ಆ ಮುಖಕ್ಕೆ ‘ಇಲ್ಲ’ ಎಂದು ಹೇಗೆ ಹೇಳುವುದು? ನಾನೂ ಕಾನ್ವೆಂಟಿನವಳೇ ತಾನೆ. ನನ್ನ ಭ್ರಮೆಯೇ ಇರಬಹುದು ಎಂದುಕೊಂಡು ಹೆಣಿಗೆ ಮುಂದುವರಿಸಿದೆ.

ಜನವರಿಯಲ್ಲಿ ಅವಳು ಒಂದು ಕಾನ್ಫರೆನ್ಸಿನಲ್ಲಿ ಆ ವಾಕ್ಯಗಳನ್ನು ಮಂಡಿಸಿದಳು. ಬಿಳಿಗೂದಲಿನ ಪ್ರೊಫೆಸರುಗಳು ಎದ್ದು ಬಂದು ಕೈಕುಲುಕಿದರಂತೆ. ಒಂದು ಜರ್ನಲ್ ಅವಳ ಪೇಪರನ್ನು ಒಪ್ಪಿಕೊಂಡಿತು. ನಾನು ಹ್ಯಾರೋದ ನಮ್ಮ ದಿನಸಿ ಅಂಗಡಿಯಲ್ಲಿ ತೆಂಗಿನಕಾಯಿ ಆರಿಸುತ್ತಿದ್ದವರಿಗೆಲ್ಲ ಸಿಹಿ ಹಂಚಿದೆ. ಏನು ವಿಷಯ ಎಂದು ಯಾರಾದರೂ ಬಿಡಿಸಿ ಕೇಳುವ ಮೊದಲೇ ಮುಂದಿನವರ ಕಡೆ ತಿರುಗುತ್ತಿದ್ದೆ ಎಂಬುದನ್ನು ಇಲ್ಲಿ ಬರೆಯಲೇಬೇಕು.

ಫೆಬ್ರುವರಿಯ ಮಧ್ಯದಲ್ಲಿ ಒಂದು ದಿನ ರೆಕಾರ್ಡರಿನ ಬ್ಯಾಟರಿ ಮುಗಿದು ಮೇಧಾ ಕೆಳಗಿನ ಅಂಗಡಿಗೆ ಹೋದಳು. ಮಾಮಾ ಅಡಿಗೆಮನೆಯಲ್ಲಿ ಕಿಸ್ರಾ ಹುಯ್ಯುತ್ತಿದ್ದರು. ಜೋಳದ ಹುಳಿಹಿಟ್ಟನ್ನು ಕಾದ ತಟ್ಟೆಯ ಮೇಲೆ ಸುರಿದು ಅಂಗೈಯಗಲದ ತಾಳೆಗರಿಯ ತುಂಡಿನಿಂದ ಬಟ್ಟೆಯಷ್ಟು ತೆಳುವಾಗಿ ಎಳೆಯುವುದು. ನಮ್ಮ ನೀರ್ದೋಸೆಗೆ ಅಕ್ಕನಾಗಬೇಕು. ನಾನು ಬದಿಗಳನ್ನು ಬಿಡಿಸಿಕೊಡುತ್ತಿದ್ದೆ. ಇದ್ದಕ್ಕಿದ್ದಂತೆ ಮಾಮಾ ನಗತೊಡಗಿದರು.

“ನಿಮ್ಮ ಹುಡುಗಿ ಇವತ್ತು ಹೇಳಿದ ವಾಕ್ಯ ಕೇಳಿದಿರಾ ಹಬೂಬಾ? ಹಾಗೆ ಯಾರೂ ಮಾತಾಡಲ್ಲ. ನಮ್ಮಲ್ಲಿ ಸತ್ತವರೂ ಮಾತಾಡಲ್ಲ!”

“ನೀವು ಯೆಸ್ ಅಂದಿರಲ್ಲ ಮಾಮಾ?”

“ಮತ್ತೆ? ಎರಡು ಟ್ರೈನ್ ಹಿಡಿದು ಮಳೆಯಲ್ಲಿ ಬರುವ ಮಗು. ಅದೂ ನಮ್ಮ ಬಾಯಿ ಕಲಿಯಲು. ನನ್ನ ಸ್ವಂತ ಮೊಮ್ಮಕ್ಕಳಿಗೇ ಅದು ಬೇಡ. ಅವಳಿಗೆ ನೋ ಅಂತ ಹೇಗೆ ಹೇಳಲಿ?” ಅವರ ಭಾಷೆಯಲ್ಲಿ ಭಾಷೆಗೂ ಬಾಯಿಗೂ ಒಂದೇ ಪದ.

“ಇಂಥವು ಎಷ್ಟಿರಬಹುದು? ಅರ್ಧ?”

ಮಾಮಾ ತಟ್ಟೆಯ ಮೇಲಿನ ಹಾಳೆಯನ್ನು ಮಡಿಸುತ್ತಾ ಲೆಕ್ಕ ಹಾಕಿದರು. “ಅರ್ಧಕ್ಕಿಂತ ಜಾಸ್ತಿಯೇ.” ಆಮೇಲೆ ಗುಟ್ಟು ಹೇಳುವಂತೆ ಬಗ್ಗಿದರು. “ನಮ್ಮ ಸಿಸ್ಟರ್ ನಮ್ಮ ಬಾಯಲ್ಲಿ ಪ್ರಾರ್ಥನೆ ಹೇಳಿಕೊಡುತ್ತಿದ್ದರು. ಒಂದು ಸ್ವರವೂ ಸರಿಯಿಲ್ಲ. ಕೇಳಿ ಕೇಳಿ ದೇವರೂ ತಲೆ ಕೆರೆದುಕೊಂಡಿರಬೇಕು. ನಾವೇನಂದೆವು ಗೊತ್ತಾ?”

“ಯೆಸ್, ಸಿಸ್ಟರ್” ಎಂದೆ ನಾನು.

ಇಬ್ಬರೂ ಸಿಂಕ್ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ನಾನು ಅಪ್ಪಂದಿರ ಕಥೆ ಹೇಳಿದೆ. ಅಷ್ಟರಲ್ಲಿ ಕೆಳಗಿನಿಂದ ಲಿಫ್ಟ್ ಏರಿ ಬರುವ ಸದ್ದಾಯಿತು. ನನ್ನ ನಗು ನಿಂತಿತು. ಲಿಫ್ಟಿನಲ್ಲಿದ್ದವಳ ಮೂರು ವರ್ಷದ ಕೆಲಸ ಆ ಟಿಕ್‌ಗಳ ಮೇಲೆ ನಿಂತಿತ್ತು.

ಹಿಂದಿರುಗುವಾಗ ಫಿಂಚ್ಲಿ ರೋಡಿನಲ್ಲಿ ಟ್ರೈನು ಬದಲಿಸಲು ಇಳಿದೆವು. ಎದುರಿನ ಪ್ಲಾಟ್‌ಫಾರ್ಮಿಗೆ ಹತ್ತು ಹೆಜ್ಜೆ. ಆ ಹತ್ತು ಹೆಜ್ಜೆಯಲ್ಲಿ ಧೈರ್ಯ ತಂದುಕೊಂಡೆ.

“ಮೇಧಾ, ಮಾಮಾ ಹೇಳುವ ಯೆಸ್ ಉಂಟಲ್ಲ, ಅದು ನಿನ್ನ ವಾಕ್ಯಕ್ಕೆ ಹೇಳುವ ಯೆಸ್ ಅಲ್ಲ. ನಿನಗೆ ಹೇಳುವುದು.” ಕಿಸ್ರಾ ಹುಯ್ಯುವಾಗ ಆದ ಮಾತನ್ನೆಲ್ಲ ಹೇಳಿದೆ.

ಅವಳು ಹಳಿಯ ಕಡೆ ತಿರುಗಿಕೊಂಡು ಕೇಳಿದಳು: “ಇವತ್ತು ಅವರು ಹೇಳಿದ್ದು. ಓಕೆ. ಬಟ್ ವೆನ್ ಡಿಡ್ ಯೂ ನೋ, ಅಜ್ಜಿ?”

ಸುಳ್ಳು ಹೇಳಬಹುದಿತ್ತು. “ಡಿಸೆಂಬರಿನಲ್ಲಿ” ಎಂದೆ.

ನಮ್ಮ ಟ್ರೈನು ಬಂತು. ಅವಳು ಹತ್ತಲಿಲ್ಲ, ಹಾಗಾಗಿ ನಾನೂ ಹತ್ತಲಿಲ್ಲ. ಚಳಿಗಾಳಿಯಲ್ಲಿ ಇಬ್ಬರೂ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತೆವು. ಮೂರನೆಯ ಟ್ರೈನಿಗೆ ಅವಳು ಎದ್ದು ನನ್ನ ಕೈಚೀಲ ತಾನು ಹಿಡಿದುಕೊಂಡಳು.

ಮೂರು ದಿನ ಮನೆಯಲ್ಲಿ “ಟೀ?”, “ಥ್ಯಾಂಕ್ಸ್” ಬಿಟ್ಟರೆ ಶಬ್ದವಿಲ್ಲ. ನಾಲ್ಕನೆಯ ದಿನ ಅವಳ ಕಣ್ಣ ಕೆಳಗಿನ ಕಪ್ಪು ನೋಡಲಾರದೆ ನಾನು ಇನ್ನೊಂದು ತಪ್ಪು ಮಾಡಿದೆ.

“ಬಿಡು ಮಗಾ. ಪೇಪರ್ ಹೇಗೂ ಒಪ್ಪಿ ಆಗಿದೆ. ಅದನ್ನು ಓದಿ, ಆ ಭಾಷೆಯೂ ಗೊತ್ತಿದ್ದು, ತಪ್ಪು ಅಂತ ಹೇಳುವವರು ಯಾರುಂಟು?”

ಅವಳು ತಲೆಯೆತ್ತಿದಳು. ತಡವರಿಸುತ್ತಾ, ಪದ ಹುಡುಕುತ್ತಾ, ಪೂರ್ತಿ ಕನ್ನಡದಲ್ಲಿ ಹೇಳಿದಳು: “ಮಾಮಾ ಇದ್ದಾರಲ್ಲ ಅಜ್ಜಿ. ಅದು ಅವರ ಬಾಯಿ. ಅವರು ಯಾವತ್ತೂ ಹೇಳದೇ ಇದ್ದದ್ದನ್ನ ನಾನು ಅವರ ಬಾಯಿಗೆ ಹಾಕ್ಲಾ?”

ಎಂಟು ವರ್ಷ ಟೀಚರಾಗಿದ್ದವಳು ನಾನು. ಆ ಬೆಳಿಗ್ಗೆ ಪಾಠ ಮಾಡಿದವಳು ಅವಳು. ನನ್ನೆದುರಿಗೇ ಜರ್ನಲ್‌ನವರಿಗೆ ಪೇಪರ್ ಹಿಂತೆಗೆದುಕೊಳ್ಳುತ್ತೇನೆಂದು ಬರೆದಳು. ಆಮೇಲೆ ಸೂಪರ್‌ವೈಸರಿಗೆ ಫೋನ್ ಮಾಡಿ ಸ್ಪೀಕರಿನಲ್ಲಿಟ್ಟಳು. ಆ ಕಡೆಯಿಂದ ಹೆಂಗಸಿನ ದನಿ, “ಎಷ್ಟು ಉದಾಹರಣೆ?” “ನಾಲ್ಕನೆಯ ಚಾಪ್ಟರ್ ಪೂರ್ತಿ” ಎಂದಳು ಮೇಧಾ. ಹೇಳುತ್ತಲೇ ಮೇಜಿನ ಮೇಲಿದ್ದ ಆ ಚಾಪ್ಟರಿನ ಹಾಳೆಗಳನ್ನು ಒಟ್ಟುಮಾಡಿ ಮಗುಚಿಟ್ಟಳು. ಥೀಸಿಸ್ ಕೊಡಬೇಕಾದದ್ದು ಸೆಪ್ಟೆಂಬರಿನಲ್ಲಿ. ಕೈಯಲ್ಲಿದ್ದದ್ದು ಏಳು ತಿಂಗಳು, ಮತ್ತು ಯಾವುದಕ್ಕೂ ‘ನೋ’ ಅನ್ನದ ಒಬ್ಬ ಹೆಂಗಸು.

ಮೇಧಾ ಮಾಮಾರ ಬಳಿ ಹೋಗಿ “ದಯವಿಟ್ಟು ತಪ್ಪಿದ್ದರೆ ತಪ್ಪು ಅನ್ನಿ” ಎಂದು ಬೇಡಿಕೊಂಡಳು. ಮಾಮಾ ಗಲ್ಲ ತಗ್ಗಿಸಿ “ಯೆಸ್” ಎಂದರು. ಮತ್ತೆ ಎಲ್ಲದಕ್ಕೂ ಯೆಸ್. ಒಂದು ಗುರುವಾರ ಹೋಯಿತು, ಎರಡು ಹೋದವು. ಆಗ ನನಗೆ ಹೊಳೆಯಿತು. ಹುಡುಗಿಯರು ಸಿಸ್ಟರನ್ನು ತಿದ್ದುವುದಿಲ್ಲ ನಿಜ. ಆದರೆ ಹುಡುಗಿಯರನ್ನು ತಿದ್ದದೆ ಬಿಡುವ ಸಿಸ್ಟರ್ ಈ ಭೂಮಿಯ ಮೇಲೆಲ್ಲಾದರೂ ಉಂಟಾ?

ಮುಂದಿನ ವಾರ ಒಳಗೆ ಹೋದವಳೇ ನಾನು ಕೋಣೆಯ ಕುರ್ಚಿಗಳನ್ನು ಬದಲಿಸಿದೆ. ಎತ್ತರದ ಬೆನ್ನಿನ ಕುರ್ಚಿ ಕಿಟಕಿಯ ಹತ್ತಿರ, ಮಾಮಾರಿಗೆ. ನಾನು ಮತ್ತು ಮೇಧಾ ಎದುರಿಗೆ ಕೈಕಟ್ಟಿ ನಿಂತೆವು.

“ಇದೇನು ಹಬೂಬಾ?” ಎಂದರು ಮಾಮಾ.

“ಗುಡ್ ಆಫ್ಟರ್‌ನೂನ್, ಸಿಸ್ಟರ್ ಜೋಸೆಫೀನ್” ಎಂದೆವು ಇಬ್ಬರೂ.

ಮಾಮಾ ಬಾಯಿ ಮುಚ್ಚಿಕೊಂಡು ನಕ್ಕರು. ನಗು ಮುಗಿದ ಮೇಲೆ ಸೆರಗಿನಂತೆ ಹೊದ್ದಿದ್ದ ಬಟ್ಟೆ ಸರಿಮಾಡಿಕೊಂಡು ಕೂತರು. ನಾನು ರೈಲಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದಿದ್ದ ವಾಕ್ಯ, ಬೆಕ್ಕು ಹಾಲು ಕುಡಿಯಿತೆನ್ನುವುದು, ಅವರ ಭಾಷೆಯಲ್ಲಿ ಒಪ್ಪಿಸಿದೆ.

“ನೋ!” ಎಂದರು ಮಾಮಾ.

ಹೇಳಿದ್ದೇ ತಡ, ತಮ್ಮ ಬಾಯಿಂದ ಬಂದದ್ದಕ್ಕೆ ತಾವೇ ಗಾಬರಿಯಾಗಿ ಕೈ ಅಡ್ಡ ಹಿಡಿದರು. ಮೇಧಾ ಚಪ್ಪಾಳೆ ತಟ್ಟಿಬಿಟ್ಟಳು. “ಥ್ಯಾಂಕ್ಯೂ, ಸಿಸ್ಟರ್! ಎಗೇನ್, ಸಿಸ್ಟರ್!” ನಾನು ಮತ್ತೆ ಹೇಳಿದೆ. “ನೋ. ಹಾಲು ಬೆಕ್ಕನ್ನು ಕುಡಿದ ಹಾಗಿದೆ. ಮತ್ತೆ.” ಐದನೆಯ ಸಲಕ್ಕೆ ಬೆಕ್ಕು ಹಾಲು ಕುಡಿಯಿತು. ಅಷ್ಟರಲ್ಲಿ ಮಾಮಾ ಅಡಿಗೆಮನೆಯಿಂದ ಮರದ ಸೌಟು ತರಿಸಿ ಕೈಯಲ್ಲಿ ಹಿಡಿದಿದ್ದರು.

ಆಮೇಲೆ ನೋಡಬೇಕಿತ್ತು ಅವರನ್ನು. ಅಷ್ಟು ವರ್ಷ ಒಳಗಿಟ್ಟುಕೊಂಡಿದ್ದ ‘ನೋ’ಗಳೆಲ್ಲ ಹೊರಬಂದವು. “ಇದು ನಮ್ಮ ಮಾತಲ್ಲ, ನದಿಯ ಆಚೆಯವರದು.” “ಇದು ರೇಡಿಯೋದವರು ಹೇಳುವುದು, ಮನುಷ್ಯರಲ್ಲ.” “ಹಬೂಬಾ, ನೀವು ಮಾತಾಡಬೇಡಿ, ಬೆಕ್ಕಿಗೆ ಹೊಟ್ಟೆನೋವು ಬರುತ್ತೆ.” ಮಾರ್ಚ್ ಕೊನೆಯ ಒಂದು ಗುರುವಾರ ಮೇಧಾ ನಾಲ್ಕನೆಯ ಚಾಪ್ಟರನ್ನು ತಂದಳು. ನಿಂತುಕೊಂಡು ಒಂದೊಂದೇ ವಾಕ್ಯ ಓದಿದಳು. ನೋ. ನೋ. ಇದು ಪರವಾಗಿಲ್ಲ. ನೋ. ಪೆನ್ಸಿಲಿನಿಂದ ತಾನೇ ಹೊಡೆದುಹಾಕುತ್ತಾ ಬಂದಳು. ಕೊನೆಗೆ ಆ ನಡುವಿನ ವಾಕ್ಯ ಬಂತು. ಓದುವ ಮೊದಲು ಒಮ್ಮೆ ಉಸಿರೆಳೆದುಕೊಂಡಳು. ಮಾಮಾ ಕೇಳಿ, ಸೌಟು ಕೆಳಗಿಟ್ಟು, ಮೆತ್ತಗೆ ಕೇಳಿದರು:

“ಇದು ನಿನಗೆ ಬೇಕಾದ ವಾಕ್ಯವಾ, ಮಗಳೇ?”

“ಬೇಕಿತ್ತು, ಸಿಸ್ಟರ್.”

“ಬೇಕಿದ್ದರೂ ನೋ.”

“ಯೆಸ್, ಸಿಸ್ಟರ್” ಎಂದು ಅದನ್ನೂ ಹೊಡೆದಳು. ನನ್ನ ಕಣ್ಣು ಮಂಜಾಯಿತು. ಕ್ಯಾಟರಾಕ್ಟ್ ಎಂದುಕೊಳ್ಳಿ ಬೇಕಾದರೆ.

ಆ ಬೇಸಿಗೆ ಲಂಡನ್ನಿಗೆ ತಡೆಯಲಾರದ ಸೆಕೆ ಬಂತು. ಐದನೆಯ ಮಹಡಿಯ ಕಿಟಕಿಗಳು ಅಂಗೈಯಗಲ ಮಾತ್ರ ತೆರೆಯುತ್ತಿದ್ದವು. ನಾನು ಉಡುಪಿಯಿಂದ ತಂದ ಲಾವಂಚದ ಬೀಸಣಿಗೆ ಬೀಸುತ್ತಾ ಕೂತರೆ, ಮಾಮಾ ಗಂಟೆಗಟ್ಟಲೆ ಕಥೆ ಹೇಳುತ್ತಿದ್ದರು: ತಮ್ಮನ ದೋಣಿಯನ್ನು ನೀರಾನೆ ಮಗುಚಿದ್ದು, ಸೋದರತ್ತೆ ಮದುವೆಯ ದಿನ ಗಂಡಿನ ಕಡೆಯವರು ಕೊಟ್ಟ ಹಸುಗಳನ್ನು ಎರಡೆರಡು ಸಲ ಎಣಿಸಿದ್ದು.

ಮೇಧಾ ಪ್ರಶ್ನೆ ಕೇಳುವುದನ್ನು ಬಿಟ್ಟು ಕೇಳಿಸಿಕೊಳ್ಳಲು ಕಲಿತಳು. ಆ ಪುಟ್ಟ ಬ್ಯಾಡ್ಜ್ ಕರ್ತೃವಿನ ಮುಂದೆ ಎಲ್ಲಿ ಬರುತ್ತದೆ, ಎಲ್ಲಿ ಬರುವುದಿಲ್ಲ ಎಂಬುದು ಕಥೆಗಳಲ್ಲಿ ತಾನಾಗಿ ಕಾಣತೊಡಗಿತು. ಅವಳು ಊಹಿಸಿರದ ಕಡೆಗಳಲ್ಲೂ ಬಂತು, ಖಂಡಿತ ಬರಬೇಕು ಎಂದುಕೊಂಡಿದ್ದಲ್ಲಿ ಬರಲಿಲ್ಲ. ಮಿಸ್ಸಿಂಗ್ ಲಿಂಕ್ ಮಾತ್ರ ಎಲ್ಲೂ ಸಿಗಲಿಲ್ಲ.

ಸೆಪ್ಟೆಂಬರಿನಲ್ಲಿ ಆಗಲಿಲ್ಲ, ಮೂರು ತಿಂಗಳು ಹೆಚ್ಚು ಕೇಳಿಕೊಂಡು ಡಿಸೆಂಬರಿನಲ್ಲಿ ಥೀಸಿಸ್ ಕೊಟ್ಟಳು. ನಾನು ಕನ್ನಡಕ ಹಾಕಿಕೊಂಡು ನಾಲ್ಕನೆಯ ಚಾಪ್ಟರ್ ಓದಿದೆ, ಅರ್ಧ ಅರ್ಥವಾಗಲಿಲ್ಲ. ಅರ್ಥವಾದದ್ದು ಇಷ್ಟು: ಈ ಪದ್ಧತಿ ಹಳೆಯ ಕರ್ಮಣಿಯಿಂದ ಬಂದಿರಬಹುದು, ಬೇರೆ ದಾರಿಯಿಂದಲೂ ಬಂದಿರಬಹುದು, ಇಷ್ಟು ಪುರಾವೆಯಿಂದ ತೀರ್ಮಾನಿಸಲಾಗದು. ಹಿಂದೆ ತಾನು ಹೇಳಿದ್ದು ತಪ್ಪು, ಏಕೆ ತಪ್ಪಾಯಿತೆಂದರೆ ಹೀಗೆ ಎಂದು ಎರಡು ಪುಟ ಬರೆದಿದ್ದಳು. ಮಾಮಾರ ಮೇಲೆ ಒಂದು ಅಕ್ಷರದ ದೂರಿಲ್ಲ. ತಪ್ಪು ಕೇಳಿದವಳದು, ಉತ್ತರ ಕೊಟ್ಟವರದಲ್ಲ ಎಂದಿತ್ತು. ಇನ್ನೊಬ್ಬರ ಮಕ್ಕಳು ದೊಡ್ಡ ದೊಡ್ಡ ವಿಷಯ ಕಂಡುಹಿಡಿದ ಸುದ್ದಿ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ದಿನಾ ಬರುತ್ತದೆ. ನಮ್ಮ ಮನೆಯ ಹುಡುಗಿ ‘ನನಗೆ ಗೊತ್ತಿಲ್ಲ’ ಎಂಬುದನ್ನು ಅಷ್ಟು ಚೆನ್ನಾಗಿ ಬರೆದದ್ದನ್ನು ನಾನು ಯಾವ ಗ್ರೂಪಿನಲ್ಲಿ ಹಾಕಲಿ? ಆ ಎರಡು ಪುಟಗಳನ್ನು ಇನ್ನೊಂದು ಸಲ ಓದಿದೆ. ವೈವಾದಲ್ಲಿ ಪರೀಕ್ಷಕರು ಬಹಳ ಹೊತ್ತು ಮಾತಾಡಿದ್ದೂ ಅವುಗಳ ಬಗ್ಗೆಯೇ ಅಂತೆ. ಪಾಸು ಮಾಡಿ ಕಳಿಸಿದರು.

ಅದಾಗಿ ಕೆಲವು ವಾರಗಳಿಗೆ ಸ್ಟ್ರಾಟ್‌ಫರ್ಡ್‌ನ ಒಂದು ಚರ್ಚ್ ಹಾಲಿನಲ್ಲಿ ಚೊಲ್ಲೊ ಜನರ ಕೂಟ ನಡೆಯಿತು. ಅರವತ್ತು ಎಪ್ಪತ್ತು ಜನ. ಮಾಮಾ ಹೇಳಿದ್ದ ನೀರಾನೆಯ ಕಥೆಯನ್ನು ಮೇಧಾ ಅವರದೇ ಭಾಷೆಯಲ್ಲಿ ಹೇಳಬೇಕೆಂದು ಮಾಮಾರ ಹುಕುಂ. ಹಸಿರು ಸೀರೆ ಉಟ್ಟು ವೇದಿಕೆ ಹತ್ತಿದಳು, ನನ್ನದೇ ಸೀರೆ. ಎರಡನೆಯ ವಾಕ್ಯಕ್ಕೇ ಮೊದಲ ಸಾಲಿನಿಂದ “ನೋ!” ಎಂದು ಕೂಗು ಬಂತು. ಹಾಲಿಗೆ ಹಾಲೇ ಗೊಳ್ಳೆಂದು ನಕ್ಕಿತು. ಮೇಧಾ ತಲೆಬಾಗಿ ಮತ್ತೆ ಹೇಳಿದಳು. ಕಥೆ ಮುಗಿಯುವುದರೊಳಗೆ ಮಾಮಾ ನಾಲ್ಕು ಸಲ ತಡೆದರು. ನಾಲ್ಕು ಸಲವೂ ಅವಳು ತಿದ್ದಿಕೊಂಡು ಹೇಳಿದಳು. ಕೊನೆಗೆ ಎದ್ದ ಕೇಕೆಗೆ ಹಿಂದಿನ ಸಾಲಿನ ಮಕ್ಕಳು ಫೋನುಗಳಿಂದ ತಲೆಯೆತ್ತಿ ನೋಡಿದವು.

ನನ್ನ ಪಕ್ಕದಲ್ಲಿ ಸೂಟು ಹಾಕಿದ ಹಿರಿಯರೊಬ್ಬರು ಕೂತಿದ್ದರು. “ನಿಮ್ಮ ಮೊಮ್ಮಗಳಾ?” ಎಂದು ಕೇಳಿದರು. ಹೌದೆಂದೆ. ಬೆನ್ನು ನೆಟ್ಟಗೆ ಮಾಡಿ, ಗಲ್ಲ ತಗ್ಗಿಸಿ ಹೇಳಿದರು: “ವೆರಿ ಗುಡ್. ವೆರಿ, ವೆರಿ ಗುಡ್.”

“ಥ್ಯಾಂಕ್ಯೂ. ಇನ್ನು ನಿಜ ಹೇಳಿ, ಎಲ್ಲೆಲ್ಲಿ ತಪ್ಪಿದಳು?”

ಅವರು ನನ್ನ ಮುಖವನ್ನು ಒಂದು ಕ್ಷಣ ನೋಡಿದರು. ಆಮೇಲೆ ಕುರ್ಚಿಯನ್ನು ನನ್ನ ಕಡೆ ತಿರುಗಿಸಿ, ಕಿರುಬೆರಳಿನಿಂದ ಒಂದೊಂದೇ ಬೆರಳು ಮಡಚಿ ಎಣಿಸಲು ಶುರುಮಾಡಿದರು. ನಾನು ಪರ್ಸಿನಿಂದ ಪೆನ್ನು ತೆಗೆದೆ.